ಏಳು ಸೀಟು, ಮತ್ತ ಹುಡುಗ್ರು

"ಏಳೇ ಮಂದಿ ಅದೀವಿ, ಮತ್ತ ಹುಡುಗ್ರು." ಗದ್ವಾಲಿನಿಂದ ರಾಯಚೂರಿಗೆ ಕುಬುಸಕ್ಕೆ ಹೊರಟ ಮನೆಯವರು ಫೋನಿನಲ್ಲಿ ಡ್ರೈವರ್‌ಗೆ ಕೊಡುವ ಲೆಕ್ಕ ಇಷ್ಟೇ. ಹುಡುಗರು ಎಷ್ಟು ಎಂದು ಅವನೂ ಕೇಳುವುದಿಲ್ಲ, ಇವರೂ ಹೇಳುವುದಿಲ್ಲ. ದಾರಿ 60 ಕಿ.ಮೀ. ಆಸುಪಾಸು. 2013ರಿಂದ ರೈಲೂ ಓಡುತ್ತಿದೆ. ಆದರೆ ಬೀಗರ ಮನೆಗೆ ರೈಲಿನಲ್ಲಿ ಹೋಗಿ ಆಟೋದಲ್ಲಿ ಇಳಿದರೆ ಏನು ಚಂದ? ಗಾಡಿಯೇ ಆಗಬೇಕು, ಅದೂ ಮೂರು ಸಾಲಿನದು.

ಮೂರು ಸಾಲು ಎಂಬುದು ಕಂಪನಿಯವರ ಎಣಿಕೆ. ಈ ಸೀಮೆಯಲ್ಲಿ ನಾಲ್ಕನೆಯದೊಂದಿದೆ: ತೊಡೆ. ಅದು ಆರ್‌ಸಿಯಲ್ಲಿ ಬರೆದಿರುವುದಿಲ್ಲ. ಬರೆದಿರುವ ಏಳರಲ್ಲಿ ಡ್ರೈವರ್ ಒಬ್ಬ ಸೇರಿರುವುದರಿಂದ ಬಾಡಿಗೆ ಗಾಡಿಯಲ್ಲಿ ಮನೆಯವರಿಗೆ ಉಳಿಯುವುದು ಆರೇ ಸೀಟು. ಇನ್ನು ಹುಡುಗರ ವಿಷಯ. 2019ರಲ್ಲಿ ತಿದ್ದುಪಡಿಯಾದ ಮೋಟಾರು ವಾಹನ ಕಾಯ್ದೆಯ 194-ಬಿ ಕಲಮಿನ ಪ್ರಕಾರ, 14 ವರ್ಷದೊಳಗಿನ ಮಗುವನ್ನು ಬೆಲ್ಟ್ ಅಥವಾ ಮಕ್ಕಳ ಸೀಟು ಇಲ್ಲದೆ ಕೂರಿಸಿದರೆ 1,000 ರೂಪಾಯಿ ದಂಡ. ಅಜ್ಜಿಯ ತೋಳೇ ಬೆಲ್ಟು ಎಂಬ ವಾದ ಪೊಲೀಸರ ಮುಂದೆ ನಿಲ್ಲುವುದಿಲ್ಲ. ಬ್ರೇಕಿನ ಮುಂದಂತೂ ನಿಲ್ಲುವುದೇ ಇಲ್ಲ.

ಜನರನ್ನು ಹೀಗೆ ಕೆಡಿಸಿದ್ದು ಹಳೆಯ ಗಾಡಿಗಳೇ. 1994ರಲ್ಲಿ ಬಂದ ಟಾಟಾ ಸುಮೋದ ಹಿಂಭಾಗದಲ್ಲಿ ಎದುರುಬದುರು ಬೆಂಚು. ಅಲ್ಲಿ ಕೂತವರ ಮಂಡಿಗೆ ಮಂಡಿ ತಾಗಿ, ಮಾತು ಬಿಟ್ಟಿದ್ದ ಓರಗಿತ್ತಿಯರೂ ಊರು ಮುಟ್ಟುವಷ್ಟರಲ್ಲಿ ಮಾತಾಡಲೇಬೇಕಾಗುತ್ತಿತ್ತು. 2000ದಲ್ಲಿ ಬಂದ ಕ್ವಾಲಿಸ್‌ನಲ್ಲಿ ಹತ್ತು ಮಂದಿಯ ಮಾದರಿಯೂ ಇತ್ತು. ಬೊಲೆರೊದಲ್ಲಿ ಕೊನೆಯ ಇಬ್ಬರು ಹಿಂಬಾಗಿಲಿನಿಂದ ಹತ್ತಿ, ಅಡ್ಡಡ್ಡ ಕೂತು, ತಿರುವು ಬಂದಾಗಲೆಲ್ಲ ಒಬ್ಬರ ಮೇಲೊಬ್ಬರು ಬೀಳುತ್ತಾರೆ. ಇಂಥ ಗಾಡಿಗಳಲ್ಲಿ "ಸ್ವಲ್ಪ ಸರಕೊಂಡು ಕೂಡ್ರಿ" ಎಂದರೆ ಇನ್ನೊಬ್ಬರಿಗೆ ಜಾಗವಾಗುತ್ತಿತ್ತು.

ಈಗ ಸರಿಯುವುದಕ್ಕೇ ಆಗದ ಸೀಟು ಬಂದಿದೆ. ಅದರ ಹೆಸರು ಕ್ಯಾಪ್ಟನ್ ಸೀಟು: ನಡುವಿನ ಸಾಲಿನಲ್ಲಿ ಕೈಯಿರುವ ಎರಡು ಬಿಡಿ ಕುರ್ಚಿ, ಮಧ್ಯೆ ಖಾಲಿ ಓಣಿ. ಮಾರುತಿ 2019ರಲ್ಲಿ ಎರ್ಟಿಗಾದಿಂದ ಒಂದು ಸೀಟು ಕಿತ್ತು, ಮುಖ ತಿದ್ದಿ ಎಕ್ಸ್‌ಎಲ್6 ಎಂದು ಕರೆಯಿತು. ಸೀಟು ಕಡಿಮೆ ಕೊಟ್ಟು ದುಡ್ಡು ಹೆಚ್ಚು ಕೇಳುವ ಈ ವ್ಯಾಪಾರ ಗದ್ವಾಲಿನ ಹಿರಿಯರಿಗೆ ಇನ್ನೂ ಬಗೆಹರಿದಿಲ್ಲ. ಎಂಜಿಯವರ ಹೆಕ್ಟರ್ ಪ್ಲಸ್ 2020ರ ಜುಲೈಯಲ್ಲಿ ಬರೀ ಆರು ಸೀಟಿನೊಂದಿಗೆ ಬಂತು. 2021ರ ಜನವರಿಗೆಲ್ಲ ಏಳು ಸೀಟಿನದೂ ಬಂತು. ನಮ್ಮ ಅತ್ತೆಯಂದಿರನ್ನು ಮೊದಲೇ ಕೇಳಿದ್ದರೆ ಆ ಆರು ತಿಂಗಳು ಉಳಿಯುತ್ತಿತ್ತು.

ಆ ಓಣಿಯಾದರೂ ಖಾಲಿ ಉಳಿದೀತೇ? ಮೊದಲ ಪ್ರಯಾಣದಲ್ಲೇ ಅಲ್ಲಿಗೆ ನೀರಿನ ಕ್ಯಾನು ಬರುತ್ತದೆ, ಅದರ ಮೇಲೆ ಮಡಚಿದ ಚಾದರ, ಚಾದರದ ಮೇಲೆ ಒಬ್ಬ ಹುಡುಗ.

ಮೂರನೇ ಸಾಲಿಗೆ ಹೋಗುವವರು ಯಾರೆಂಬುದು ಮನೆಯಲ್ಲೇ ತೀರ್ಮಾನವಾಗಿರುತ್ತದೆ, ಯಾರೂ ಬಾಯಿ ಬಿಟ್ಟು ಹೇಳುವುದಿಲ್ಲ. ಮಾವ ಮುಂದೆ, ಅತ್ತೆ ನಡುವಿನ ಕಿಟಕಿಗೆ, ಕಿರಿಯ ಸೊಸೆ ಮತ್ತು ಇನ್ನೂ ಕೆಲಸ ಸಿಗದ ಮೈದುನ ಹಿಂದಕ್ಕೆ. ಅಲ್ಲಿ ನೆಲ ಎತ್ತರ, ಸೀಟು ತಗ್ಗು. ಮಂಡಿ ಎದೆಗೆ ಬರುತ್ತದೆ. ಸೀಟು ಹಿಂದಿನ ಗಾಲಿಗಳ ಹತ್ತಿರವೇ ಇರುವುದರಿಂದ ಪ್ರತಿ ಉಬ್ಬಿನ ಸುದ್ದಿಯೂ ನೇರ ಬೆನ್ನಿಗೆ. ಏಪ್ರಿಲ್‌ನ 40 ಡಿಗ್ರಿ ಬಿಸಿಲಿನಲ್ಲಿ ಹಿಂದಿನಿಂದ "ಯಣ್ಣಾ, ಎಸಿ ಬರವಲ್ದು" ಎಂಬ ಕೂಗು ಬರುತ್ತದೆ. ಮುಂದೆ ಕೂತ ಮಾವ ಅದೇ ಹೊತ್ತಿಗೆ ಚಳಿಯೆಂದು ಎಸಿ ಕಡಿಮೆ ಮಾಡಿಸಿರುತ್ತಾರೆ.

ಇಷ್ಟರ ಮೇಲೆ ಸಾಮಾನು. ಮೂರೂ ಸಾಲು ನೆಟ್ಟಗಿದ್ದರೆ ಎರ್ಟಿಗಾದ ಡಿಕ್ಕಿಯಲ್ಲಿ 209 ಲೀಟರ್ ಜಾಗ. ಮೂರನೆಯದನ್ನು ಮಡಚಿದರೆ 550. 2021ರ ಸಫಾರಿಯಲ್ಲಿ ಎಲ್ಲ ಸಾಲೂ ತುಂಬಿದಾಗ ಉಳಿಯುತ್ತಿದ್ದುದು 73 ಲೀಟರ್. ಹತ್ತಿಯ ಮೈ, ರೇಷ್ಮೆಯ ಅಂಚಿನ ಗದ್ವಾಲ್ ಸೀರೆ ಬೆಂಕಿಪೆಟ್ಟಿಗೆಯಲ್ಲಿ ಹಿಡಿಸುತ್ತದೆ ಎಂಬ ಹೆಮ್ಮೆಯ ಮಾತು ಊರಲ್ಲಿದೆ. ಹಿಡಿಸಲಿ, ಸಂತೋಷ. ಆದರೆ ಕುಬುಸಕ್ಕೆ ಸೀರೆಯೊಂದೇ ಹೋಗುವುದಿಲ್ಲ. ಉಂಡಿ, ಕರ್ಚಿಕಾಯಿಯ ಡಬ್ಬಿ, ಹಣ್ಣಿನ ಬುಟ್ಟಿ, ರೊಟ್ಟಿಯ ಗಂಟು, ಶೇಂಗಾ ಚಟ್ನಿಯ ಡಬ್ಬಿ ಎಲ್ಲ ಹೊರಡುತ್ತವೆ. ಅವುಗಳಿಗೆ ಸಿಗುವುದು ಮತ್ತೆ ಅದೇ ಸೊಸೆಯ ತೊಡೆ.

ಆದ್ದರಿಂದ ಮಂತ್ರಾಲಯ, ಅಲಂಪುರ, ಬೀಗರ ಮನೆ ಎಂದು ಓಡಾಡುವ ಸಂಸಾರಕ್ಕೆ ನಡುವೆ ಉದ್ದ ಬೆಂಚಿರುವ ಗಾಡಿಯೇ ಸರಿ. ಬಿಡಿ ಕುರ್ಚಿ ಇಬ್ಬರು ಮಕ್ಕಳಿರುವ ಪಟ್ಟಣದವರಿಗಿರಲಿ. ಷೋರೂಮಿಗೆ ಹೋದಾಗ ಸ್ಟಿಯರಿಂಗ್ ಹಿಡಿದು ಫೋಟೊ ತೆಗೆಸಿಕೊಳ್ಳುವ ಮೊದಲು ಮನೆಯ ಯಜಮಾನರನ್ನೇ ಮೂರನೇ ಸಾಲಿಗೆ ಹತ್ತಿಸಿ, ಹಿಂದೆ ಎರಡು ಬುಟ್ಟಿ ಇಟ್ಟು ಬಾಗಿಲು ಹಾಕಿ ನೋಡಿ. ಅವರು ತಾವಾಗಿಯೇ ಇಳಿದು ಬಂದರೆ ಮುಂಗಡ ಕೊಡಿ.