ಹದಿನಾಲ್ಕು ಹಲ್ಲಿನ ಭಾವ

ನಮ್ಮ ಭಾವನ ಬೈಕಿಗೆ ಹೋದ ತಿಂಗಳು ಒಂದು ಹಲ್ಲು ಕಮ್ಮಿಯಾಯಿತು. ಭಾವನಿಗೂ ಒಂದು ಕಮ್ಮಿಯಿದೆ. ಅದು ಕವಳದ ಪ್ರತಾಪ, ಬೇರೆ ಕಥೆ.

ಅವನ ಮನೆ ಸಿದ್ದಾಪುರದ ಆಚೆ, ರಸ್ತೆಯಿಂದ ತೀರಾ ಕೆಳಗೆ, ತೋಟದ ತಲೆಗೆ. ಅಡಿಕೆ ಚೀಲ ಹೇರಿಕೊಂಡೋ ಅಕ್ಕನನ್ನು ಕೂರಿಸಿಕೊಂಡೋ (ಯಾವುದು ಹೆಚ್ಚು ಭಾರ ಎಂದು ಬರೆದರೆ ಆ ಮನೆಯಲ್ಲಿ ನನಗಿನ್ನು ತೊಡದೇವಿಲ್ಲ) ಆ ಏರು ಹತ್ತುವಾಗ ಬೈಕು ಏದುಸಿರು ಬಿಡುತ್ತಿತ್ತು. ಗ್ಯಾರೇಜಿನ ಹುಡುಗ ಚೈನು ಬದಲಿಸುವಾಗ, "ಮುಂದಿನ ಸ್ಪ್ರಾಕೆಟ್ಟು 15 ಹಲ್ಲಿಂದು. 14ರದ್ದು ಹಾಕ್ತೇನೆ, ಪುಲ್ಲಿಂಗ್ ನೋಡಿ" ಎಂದ. ಹಾಕಿದ. ಬೈಕು ಏರನ್ನು ಆಡುಮರಿಯಂತೆ ಹತ್ತಿತು.

ಅಲ್ಲಿಗೇ ನಿಂತಿದ್ದರೆ ಅಡ್ಡಿಲ್ಲೆ. ಭಾವ ಊರಿಡೀ ಸಾರತೊಡಗಿದ: "ಮೈಲೇಜೂ ಹೆಚ್ಚಾತು ತಮಾ. ಮೊದ್ಲು 50 ಕೊಡ್ತಿತ್ತು, ಈಗ 51!"

ಆ ಬೈಕಿನ ಮೀಟರಿಗೆ ಸುದ್ದಿ ಮುಟ್ಟಿಸುವ ಸೆನ್ಸರು ಕೂತಿರುವುದು ಗೇರ್‌ಬಾಕ್ಸಿನ ಬಳಿ. ಅದು ಮುಂದಿನ ಸ್ಪ್ರಾಕೆಟ್ಟಿನ ಶಾಫ್ಟು ಎಷ್ಟು ಸುತ್ತಿತು ಎಂದು ಎಣಿಸುತ್ತದೆ, ಚಕ್ರದ ಮುಖವನ್ನೇ ನೋಡಿಲ್ಲ. ಇಷ್ಟು ಸುತ್ತಿಗೆ ಇಷ್ಟು ದೂರ ಎಂದು ಕಂಪನಿಯಲ್ಲಿ ಕಲಿಸಿದ್ದನ್ನು ಮಗ್ಗಿಯ ಹಾಗೆ ಒಪ್ಪಿಸುತ್ತದೆ, ಅಷ್ಟೆ. ಮೊದಲು 14 ಸುತ್ತಿಗೆ ಹೋಗುತ್ತಿದ್ದ ದೂರಕ್ಕೆ ಈಗ 15 ಸುತ್ತು ಬೇಕು ಎಂಬ ವರ್ತಮಾನವನ್ನು ಅದಕ್ಕೆ ಯಾರು ಹೇಳಬೇಕು? ಮುಳ್ಳು 60 ತೋರಿಸುವಾಗ ಭಾವ ಹೋಗುತ್ತಿರುವುದು 56ರಲ್ಲಿ. ಮೂರು ಸಾವಿರಕ್ಕೆ ಆಯಿಲ್ ಬದಲಿಸುವುದು 2800ಕ್ಕೇ ಬಂತು. ಹಿಗ್ಗುತ್ತಿರುವ ಆ 51? ನಿಜದಲ್ಲಿ 47 ಚಿಲ್ಲರೆ! ಹಿಂದಿನ ಸ್ಪ್ರಾಕೆಟ್ಟನ್ನು 42ರಿಂದ 45 ಹಲ್ಲಿಗೆ ಏರಿಸಿದ್ದರೂ ಇದೇ ಲೆಕ್ಕ, ಇದೇ ಹಿಗ್ಗು.

ಹಾಗೆ ನೋಡಿದರೆ ಮೀಟರುಗಳು ಹುಟ್ಟಾ ಬಡಾಯಿಕೋರರು. ವಿಶ್ವಸಂಸ್ಥೆಯ 39ನೇ ವಾಹನ ನಿಯಮದಲ್ಲಿ ಮೀಟರು ನಿಜವಾದ ವೇಗಕ್ಕಿಂತ ಕಮ್ಮಿ ತೋರಿಸಕೂಡದು ಎಂದಿದೆ. ತುಸು ಹೆಚ್ಚು ತೋರಿಸಿದರೆ ಮಾಫಿ. ಅದರ ಮೇಲೆ ಭಾವನದೊಂದು ಹಲ್ಲು.

ನನ್ನ ಹಳೇ ಬೈಕಿನಲ್ಲಿ ಈ ತಂಟೆಯಿಲ್ಲ. ಮೀಟರಿನ ಕೇಬಲ್ಲು ಮುಂದಿನ ಚಕ್ರದಿಂದಲೇ ಬರುತ್ತದೆ. ಚೈನಿಗೆ ಯಾವ ಸ್ಪ್ರಾಕೆಟ್ಟು ಕಟ್ಟಿದರೂ ಅದಕ್ಕೆ ಗೊಡವೆಯಿಲ್ಲ. ಇದನ್ನು ಹೇಳಿದ್ದಕ್ಕೆ ಭಾವ, "ನಿನ್ನದು ಏರು ಹತ್ತತಿಲ್ಲೆ, ಅದ್ಕೆ ಹೊಟ್ಟೆಕಿಚ್ಚು" ಎಂದ.

ಸರಿ, ಕಲ್ಲೇ ಹೇಳಲಿ ಎಂದು ಭಾನುವಾರ ಶಿರಸಿ ರಸ್ತೆಗಿಳಿದೆವು. ಒಂದು ಕಿಲೋಮೀಟರ್ ಕಲ್ಲಿನೆದುರು ಟ್ರಿಪ್ಪನ್ನು ಸೊನ್ನೆ ಮಾಡಿ, ನಾನು ಹಿಂದೆ ಕೂತು ಎಣಿಸುತ್ತ ಹೋದೆ. ಹಲವು ಕಲ್ಲುಗಳನ್ನು ಹುಲ್ಲು ನುಂಗಿತ್ತು. ಅಂಕಿ ಓದಲು ಎರಡು ಕಡೆ ಇಳಿದು ಚಪ್ಪಲಿಯಿಂದ ಕೆಸರು ತಿಕ್ಕಿದೆ. ಹತ್ತು ಕಿಲೋಮೀಟರಿನ ಕಲ್ಲಿನೆದುರು ಬ್ರೇಕು ಹಾಕಿಸಿ ಬಗ್ಗಿ ನೋಡಿದರೆ ಟ್ರಿಪ್ಪಿನಲ್ಲಿ 10.7.

ಭಾವ ಕಲ್ಲನ್ನು ನೋಡಿದ. ಮೀಟರನ್ನು ನೋಡಿದ. ಬದಿಗೆ ಕವಳ ಉಗಿದ.

"ಕಲ್ಲು ಹುಗದವಕ್ಕೆ ಲೆಕ್ಕ ಬರ್ತಿಲ್ಲೆ ತಮಾ."

ಕಾನಸೂರಿನಲ್ಲಿ ಚಾ ಹೇಳಿ ನಾನು ಕೈ ತೊಳೆದು ಬರುವಷ್ಟರಲ್ಲಿ, ಪಕ್ಕದ ಬೆಂಚಿನವರಿಗೆ ಭಾವ ಬೈಕು ತೋರಿಸುತ್ತಿದ್ದ: "51 ಕೊಡ್ತು. ಬೇಕಾದ್ರೆ ನಮ್ಮ ಭಾವನ್ನೇ ಕೇಳಿ, ಈಗಷ್ಟೇ ಲೆಕ್ಕ ಹಾಕ್ಯಂಡು ಬಂದ."