ಆಟಿಯ ಒಲಿಂಪಿಕ್ಸ್

ಆಟಿ ತಿಂಗಳಲ್ಲಿ ಉಡುಪಿ ಕಡೆಯವರಿಗೆ ಮನರಂಜನೆಯ ಬರಗಾಲ. ಪತ್ತನಾಜೆಗೆ ಗೆಜ್ಜೆ ಬಿಚ್ಚಿದ ಯಕ್ಷಗಾನ ಮೇಳಗಳು ಮತ್ತೆ ತಿರುಗಾಟಕ್ಕೆ ಹೊರಡುವುದು ದೀಪಾವಳಿ ಕಳೆದ ಮೇಲೆ. ಕಂಬಳದ ಕೋಣಗಳು ಹಟ್ಟಿಯಲ್ಲಿ ಹುರುಳಿ ತಿನ್ನುತ್ತಾ ಹಾಯಾಗಿರುತ್ತವೆ. ಜುಲೈ 31ರ ತನಕ ಯಾಂತ್ರಿಕ ಮೀನುಗಾರಿಕೆಗೆ ನಿಷೇಧ, ಮಲ್ಪೆಯ ಬೋಟುಗಳೆಲ್ಲ ದಕ್ಕೆಯಲ್ಲಿ. ಮದುವೆ ಇಲ್ಲ, ಗೃಹಪ್ರವೇಶ ಇಲ್ಲ, ಹಾಗಾಗಿ ಊಟದ ಪಂಕ್ತಿಯೂ ಇಲ್ಲ. ಹೊರಗೆ ಹೋಗೋಣವೆಂದರೆ ಮಳೆ, ಒಳಗೆ ಕೂರೋಣವೆಂದರೆ ಹಲಸಿನ ಹಪ್ಪಳದ ಡಬ್ಬಿ ತಳ ಕಂಡಿದೆ.

ಇಂಥ ಹೊತ್ತಿಗೆ ಸರಿಯಾಗಿ ನಾಲ್ಕು ವರ್ಷಕ್ಕೊಮ್ಮೆ ಒಲಿಂಪಿಕ್ಸ್ ಬರುತ್ತದೆ. ಅಂತಾರಾಷ್ಟ್ರೀಯ ಸಮಿತಿಯವರು ತುಳುನಾಡಿನ ಪಂಚಾಂಗ ನೋಡಿಯೇ ದಿನ ಇಡುತ್ತಾರೆಂದು ನನಗೆ ಬಲವಾದ ಗುಮಾನಿ. ಟೋಕಿಯೊದ್ದು 2021ರ ಜುಲೈ 23ರಿಂದ ಆಗಸ್ಟ್ 8ರವರೆಗೆ, ಪ್ಯಾರಿಸ್‌ನದ್ದು 2024ರ ಜುಲೈ 26ರಿಂದ ಆಗಸ್ಟ್ 11ರವರೆಗೆ. ಎರಡೂ ಅಪ್ಪಟ ಆಟಿ.

ನಮ್ಮ ಊರಿನಲ್ಲಿ ಬಾಯಿ ಮುಚ್ಚಿ ನೋಡುವ ಪ್ರೇಕ್ಷಕ ಸಿಗುವುದು ಕಷ್ಟ. ಆಟಕ್ಕೆ ಹೋದರೆ ಪಕ್ಕದ ಕುರ್ಚಿಯವರು ಭಾಗವತರ ಏರುಶ್ರುತಿಯ ಬಗ್ಗೆ ತಕರಾರು ತೆಗೆಯುತ್ತಾರೆ. ಕಂಬಳಕ್ಕೆ ಹೋದರೆ ಕೋಣದ ಅಜ್ಜನ ಚರಿತ್ರೆ ಹೇಳುವವರಿದ್ದಾರೆ. ಕ್ರಿಕೆಟ್ಟಿನ ಮಟ್ಟಿಗಂತೂ ಪ್ರತಿ ಮನೆಯಲ್ಲೂ ಒಬ್ಬ ಕೋಚ್. ಒಲಿಂಪಿಕ್ಸ್ ಹಾಗಲ್ಲ, ಅಲ್ಲಿ ಯಾರಿಗೂ ಏನೂ ಗೊತ್ತಿಲ್ಲ. ಜೂಡೊದಲ್ಲಿ ಮೇಲಿರುವವನು ಗೆದ್ದನೋ ಕೆಳಗಿರುವವನೋ, ಕತ್ತಿವರಸೆಯಲ್ಲಿ ಹಸಿರು ದೀಪ ಹತ್ತಿದ್ದು ಯಾರಿಗೆ, ಆ ನಡಿಗೆ ಸ್ಪರ್ಧೆಯವರಿಗೆ ಅಷ್ಟು ಅವಸರವಿದ್ದರೆ ಓಡಲು ಏನು ಕಷ್ಟ ಎಂಬ ಪ್ರಶ್ನೆಗಳ ಮುಂದೆ ಪ್ರೊಫೆಸರೂ ಒಂದೇ, ಪೋಡಿ ಕರಿಯುವವನೂ ಒಂದೇ. ಇಷ್ಟು ಸಮಾನತೆ ಕರಾವಳಿಯಲ್ಲಿ ಬೇರೆ ಯಾವ ವಿಷಯದಲ್ಲೂ ಇಲ್ಲ.

ಆದರೆ ಈ ಸಮಾನತೆಯ ಆಯುಸ್ಸು ಎರಡು ದಿನ. ಮೂರನೆಯ ದಿನ ತಜ್ಞರು ಹುಟ್ಟಿಬಿಡುತ್ತಾರೆ.

2021ರ ಆಗಸ್ಟ್ 7ರ ಶನಿವಾರ ನೆನಪಿದೆಯಲ್ಲ? ಬೆಂಗಳೂರಿನ ಅದಿತಿ ಅಶೋಕ್ ಗಾಲ್ಫಿನಲ್ಲಿ ಪದಕದ ಹತ್ತಿರ ಇದ್ದಾಳೆಂದು ಹಿಂದಿನ ಸಂಜೆಯೇ ಸುದ್ದಿಯಾಗಿತ್ತು. ವಿಶ್ವದಲ್ಲಿ 200ನೇ ಸ್ಥಾನದಲ್ಲಿದ್ದ ಹುಡುಗಿ. ಮಣಿಪಾಲದ ನಮ್ಮ ವಸತಿ ಸಮುಚ್ಚಯದಲ್ಲಿ ಆ ದಿನ ಹಾಲಿನವನು ಬರುವ ಮೊದಲೇ ಟಿವಿಗಳು ಎದ್ದಿದ್ದವು. ಅಲ್ಲಿಯವರೆಗೆ ಗಾಲ್ಫ್ ಎಂದರೆ ಸಿನಿಮಾದಲ್ಲಿ ಖಳನಾಯಕರು ಮಾತುಕತೆ ನಡೆಸುವಾಗ ಆಡುವ ಆಟ ಎಂದಷ್ಟೇ ನಮಗೆ ತಿಳಿದಿತ್ತು. ಉಡುಪಿಯಿಂದ ಭಾವನ ಫೋನ್ ಬಂತು.

“ಭಾವಯ್ಯ, ಇದು ಜಾಸ್ತಿ ಹೊಡೆದವರಿಗಾ, ಕಮ್ಮಿ ಹೊಡೆದವರಿಗಾ?”

“ಕಮ್ಮಿ ಹೊಡೆದವರಿಗೆ.”

“ಹಾಗಾದರೆ ಆಡದೆ ಮನೆಯಲ್ಲೇ ಕೂತವರಿಗೆ ಚಿನ್ನ ಕೊಡ್ಬೇಕಲ್ಲ ಮಾರಾಯ್ರೆ!”

ಅರ್ಧ ಗಂಟೆ ಬಿಟ್ಟು ಅದೇ ಭಾವ ಮತ್ತೆ ಫೋನ್ ಮಾಡಿದರು. ಈಗ ದನಿಯೇ ಬೇರೆ. “ಪಟ್ಟಿಂಗ್ ಒಳ್ಳೆದುಂಟು ಅವಳದ್ದು. ಡ್ರೈವ್ ಸ್ವಲ್ಪ ಉದ್ದ ಸಾಲುದಿಲ್ಲ. ಈ ಹಸಿರಿನ ಇಳಿಜಾರು ಉಂಟಲ್ಲ, ಅದೇ ಮೋಸ.” ಟೋಕಿಯೊದಲ್ಲಿ ಗುಡುಗು ಮಳೆಗೆ ಆಟ ನಿಂತಾಗ ನಮ್ಮ ಇಡೀ ಮಹಡಿಗೆ ಸಿಟ್ಟು ಬಂತು. ಆಟಿಯ ಮಳೆಯಲ್ಲಿ ಬೆಳೆದವರಿಗೆ ಅದು ಮಳೆಯೇ ಅಲ್ಲ. ಕೊನೆಗೆ ಒಂದೇ ಒಂದು ಹೊಡೆತದಲ್ಲಿ ಕಂಚು ಕೈತಪ್ಪಿತು, ಅದಿತಿ ನಾಲ್ಕನೆಯವಳಾದಳು. ಆ ಬೆಳಿಗ್ಗೆ ಯಾರ ಮನೆಯಲ್ಲೂ ದೋಸೆ ಸರಿಯಾಗಿ ಏಳಲಿಲ್ಲ. ಸಂಜೆ ನೀರಜ್ ಚೋಪ್ರಾ 87.58 ಮೀಟರ್ ಎಸೆದು ಚಿನ್ನ ತಂದ ಮೇಲೆಯೇ ಜನ ಬಾಲ್ಕನಿಗೆ ಬಂದು ಪರಸ್ಪರ ಮಾತಾಡಿದ್ದು. ಭಾವನವರು ಅಷ್ಟರಲ್ಲಿ ಗಾಲ್ಫ್ ಬಿಟ್ಟು ಜಾವೆಲಿನ್ನಿನ ಕೋನ ಎಷ್ಟು ಡಿಗ್ರಿ ಇರಬೇಕೆಂಬ ವಿಚಾರಕ್ಕೆ ಹೋಗಿದ್ದರು.

ಕಾಪುವಿನ ಮನೆಯಲ್ಲಿ ಅಮ್ಮ ನೋಡುವ ರೀತಿ ಬೇರೆ. ಅಮ್ಮನಿಗೆ ದೇಶ, ದಾಖಲೆ, ರ‍್ಯಾಂಕು ಯಾವುದೂ ಮುಖ್ಯವಲ್ಲ. ಮುಖ ನೋಡಿ ಪಕ್ಷ ವಹಿಸುತ್ತಾಳೆ. “ಪಾಪ, ಆ ಹುಡುಗಿ ಊಟ ಮಾಡಿದ ಹಾಗೆ ಕಾಣುದಿಲ್ಲ, ಅವಳೇ ಗೆಲ್ಲಲಿ” ಎಂದು ರುಮೇನಿಯಾದ ಜಿಮ್ನಾಸ್ಟಿಗೆ ಹರಸುತ್ತಾಳೆ. ಪ್ಯಾರಿಸ್ಸಿನಲ್ಲಿ ಮನು ಭಾಕರ್ ಮತ್ತು ಸರಬ್ಜೋತ್ ಸಿಂಗ್ ಕಂಚು ಗೆದ್ದ ಏರ್ ಪಿಸ್ತೂಲು ಸ್ಪರ್ಧೆಯಲ್ಲಿಯೇ ಟರ್ಕಿಯ ಯೂಸುಫ್ ಡಿಕೆಚ್ ತಮ್ಮ ಜೊತೆಗಾರ್ತಿಯೊಂದಿಗೆ ಬೆಳ್ಳಿ ಗೆದ್ದರಲ್ಲ? 51 ವರ್ಷದವರು, ಮಾಮೂಲಿ ಕನ್ನಡಕ, ಒಂದು ಕೈ ಪ್ಯಾಂಟಿನ ಕಿಸೆಯಲ್ಲಿ. ಅಮ್ಮ ಅವರನ್ನೇ ದಿಟ್ಟಿಸಿ, “ಇವರು ಆಡ್ಲಿಕ್ಕೆ ಬಂದವರಾ, ಯಾರನ್ನಾದರೂ ಬಿಡ್ಲಿಕ್ಕೆ ಬಂದವರಾ?” ಎಂದು ಕೇಳಿದಳು. ಬೆಳ್ಳಿ ಬಂತೆಂದು ತಿಳಿದ ಮೇಲೆ ನನ್ನ ಕಡೆ ಒಂದು ನೋಟ ಬಿತ್ತು. ಆ ವಯಸ್ಸಿನ ಆಸುಪಾಸಿನಲ್ಲಿರುವ ನಾನೂ ಸೋಫಾದಲ್ಲಿ ಕಿಸೆಗೆ ಕೈ ಹಾಕಿಯೇ ಕೂತಿದ್ದೆ. ಕೈ ತೆಗೆದೆ.

ವಿನೇಶ್ ಫೋಗಟ್ ಸುದ್ದಿ ಬಂದ ದಿನ ಮಾತ್ರ ತಮಾಷೆ ನಿಂತಿತು. ಆಗಸ್ಟ್ 6ರಂದು ಜಪಾನಿನ ಯುಯಿ ಸುಸಾಕಿಯನ್ನು, ಅಲ್ಲಿಯವರೆಗೆ ಅಂತಾರಾಷ್ಟ್ರೀಯ ಕುಸ್ತಿಯಲ್ಲಿ ಸೋತೇ ಇರದವಳನ್ನು, ಮಣಿಸಿ ಫೈನಲಿಗೆ ಹೋದವಳು. ಮರುದಿನ ಬೆಳಿಗ್ಗೆ 50 ಕಿಲೋ ವಿಭಾಗದಲ್ಲಿ 100 ಗ್ರಾಂ ಹೆಚ್ಚಿದ್ದಾಳೆಂದು ಹೊರಗೆ ಹಾಕಿದರು. 100 ಗ್ರಾಂ ಅಂದರೆ ಎಷ್ಟು ಎಂಬುದನ್ನು ಕಾಪು ಪೇಟೆಯಲ್ಲಿ ಯಾರೂ ಯಾರಿಗೂ ಬಿಡಿಸಿ ಹೇಳಬೇಕಿಲ್ಲ, ಒಂದು ಮಧ್ಯಮ ಬಂಗುಡೆಯಷ್ಟು. ಮೀನು ಮಾರುವ ಅಕ್ಕ ತಕ್ಕಡಿ ಹಿಡಿದುಕೊಂಡೇ ನ್ಯಾಯ ಹೇಳಿದರು: “ನಾವು ಕಿಲೋಕ್ಕೆ ಮೇಲಿಂದ ಒಂದು ಕೊಸರು ಹಾಕಿದ್ರೆ ಗಿರಾಕಿಗೆ ಸಂತೋಷ. ಅಲ್ಲಿ ಕೊಸರಿಗೆ ಶಿಕ್ಷೆಯಾ? ಎಂತ ವ್ಯಾಪಾರ ಅದು?” ಕುಸ್ತಿಯ ವಿಶ್ವಸಂಸ್ಥೆಯವರು ಉತ್ತರ ಕೊಡಬಹುದು, ಕಾನೂನು ಅವರ ಕಡೆಗೇ ಇದೆ. ಆದರೆ ಕಾಪು ಪೇಟೆಯಲ್ಲಿ ಆ ವಾದ ನಿಲ್ಲುವುದಿಲ್ಲ.

ಇನ್ನು ಕಾರ್ಕಳ. ಅಲ್ಲಿ ನನ್ನ ಮಾವನವರು. ಮಿಯ್ಯಾರಿನ ಲವ-ಕುಶ ಜೋಡುಕರೆಯ ಬದುವಿನಲ್ಲಿ ಆಯುಷ್ಯದ ದೊಡ್ಡ ಪಾಲು ಕಳೆದವರು. ಜಗತ್ತಿನ ಯಾವುದೇ ಕ್ರೀಡೆಯನ್ನು ಅವರು ಕಂಬಳದ ಕಾನೂನಿನ ಪ್ರಕಾರವೇ ವಿಚಾರಣೆಗೆ ತೆಗೆದುಕೊಳ್ಳುತ್ತಾರೆ. ಕುದುರೆ ಸವಾರಿ ಬಂದಾಗ ಅವರ ಮೊದಲ ಪ್ರಶ್ನೆ: “ಕುದುರೆಯ ಯಜಮಾನರು ಯಾರು?” ಪದಕ ಸವಾರನಿಗೆ ಎಂದಾಗ ಅವರಿಗೆ ಅದು ಅನ್ಯಾಯವಾಗಿ ಕಂಡಿತು. ಕಂಬಳದಲ್ಲಿ ಮೈಕಿನವರು ಮೊದಲು ಕೂಗುವುದು ಕೋಣದ ಯಜಮಾನರ ಹೆಸರು, ಓಡಿಸಿದವನ ಹೆಸರು ಆಮೇಲೆ. “ಸಾಕಿದವರಿಗೆ ಮರ್ಯಾದೆ ಇಲ್ಲದ ಆಟ” ಎಂದು ಷರಾ ಬರೆದರು.

ಪ್ಲಾಟ್‌ಫಾರ್ಮ್ ಡೈವಿಂಗ್ ನೋಡುವಾಗ ಭಿನ್ನಮತ ತಾರಕಕ್ಕೇರಿತು. ಪ್ಯಾರಿಸ್ಸಿನಲ್ಲಿ ಡೈವಿಂಗಿನ ಎಂಟಕ್ಕೆ ಎಂಟೂ ಚಿನ್ನವನ್ನು ಚೀನಾದವರೇ ಬಾಚಿದರು. ಕ್ವಾನ್ ಹಾಂಗ್‌ಚಾನ್ ಎಂಬ ಹುಡುಗಿ 10 ಮೀಟರ್ ಎತ್ತರದಿಂದ ಮೂರ್ನಾಲ್ಕು ಸುತ್ತು ತಿರುಗಿ ಬಿದ್ದರೆ ಕೊಳದ ನೀರು ಅಲ್ಲಾಡಿದ್ದೂ ಗೊತ್ತಾಗುವುದಿಲ್ಲ. ಟಿವಿಯವನು ಉಬ್ಬಿಹೋದ. ಮಾವ ಹಣೆ ಗಂಟಿಕ್ಕಿದರು. ಹಿಂದೆಯೇ ಬಂದ ಇನ್ನೊಬ್ಬಳು ಸ್ವಲ್ಪ ಸೊಟ್ಟಗೆ ಬಿದ್ದು ಆಳೆತ್ತರ ನೀರು ಹಾರಿಸಿದಳು. ಮಾವ ಸೋಫಾದಿಂದ ಅರ್ಧ ಎದ್ದು, “ಹಾಂ! ಇದು ನೋಡಿ ನೀರು!” ಎಂದು ಚಪ್ಪಾಳೆ ತಟ್ಟಿದರು. ಆ ಬಡಪಾಯಿಗೆ ಅಂಕ ಕಡಿಮೆ ಬಂದದ್ದು ಕಂಡು ತೀರ್ಪುಗಾರರ ಮೇಲೆ ಅವರಿಗೆ ಶಾಶ್ವತ ಅನುಮಾನ ಹುಟ್ಟಿತು. ಅವರ ತಪ್ಪಲ್ಲ. ಕಂಬಳದ ಕನೆಹಲಗೆ ವಿಭಾಗದಲ್ಲಿ ತೂತಿರುವ ಹಲಗೆಯ ಮೇಲೆ ಒಂಟಿ ಕಾಲೂರಿ ನಿಂತವನು ಕೋಣಗಳ ಹಿಂದೆ ಬರುವಾಗ ನೀರು ಕಾರಂಜಿಯಾಗಿ ಚಿಮ್ಮಬೇಕು. ಮೇಲೆ ಆರೂವರೆ ಕೋಲು, ಏಳೂವರೆ ಕೋಲು ಎತ್ತರದಲ್ಲಿ ಕಟ್ಟಿದ ನಿಶಾನೆಯ ಬಟ್ಟೆ ಒದ್ದೆಯಾದರೇ ಬಹುಮಾನ. ಜೀವನವಿಡೀ ನೀರು ಹಾರಿಸಿದವನಿಗೆ ಜೈ ಅಂದವರು ಒಂದೇ ಮಧ್ಯಾಹ್ನದಲ್ಲಿ ನೀರು ಹಾರಿಸದವಳಿಗೆ ಜೈ ಅನ್ನುವುದು ಹೇಗೆ?

100 ಮೀಟರ್ ಓಟದಲ್ಲಿ ಅಮೆರಿಕದ ನೋಹ್ ಲೈಲ್ಸ್ ಜಮೈಕಾದ ಕಿಶಾನ್ ಥಾಂಪ್ಸನ್‌ಗಿಂತ ಸೆಕೆಂಡಿನ ಸಾವಿರದಲ್ಲಿ ಐದು ಭಾಗ ಮುಂದೆ ಬಂದು 9.79ರಲ್ಲಿ ಚಿನ್ನ ಗೆದ್ದ ಮರುದಿನ ನಾನು ಕಾರ್ಕಳದಲ್ಲೇ ಇದ್ದೆ. ಮಾವ ಶಾಂತವಾಗಿ ಹೇಳಿದರು: “ನಮ್ಮ ಬಜಗೋಳಿಯ ಹುಡುಗ 9.51.” ಅದು 2020ರ ಫೆಬ್ರವರಿಯ ಮಾತು. ಐಕಳ ಕಂಬಳದಲ್ಲಿ ಶ್ರೀನಿವಾಸ ಗೌಡರು 142.5 ಮೀಟರನ್ನು 13.62 ಸೆಕೆಂಡಿನಲ್ಲಿ ಓಡಿ ದೇಶವೆಲ್ಲ ಉಸೇನ್ ಬೋಲ್ಟ್ ಜಪ ಮಾಡುತ್ತಿರುವಾಗಲೇ, ವೇಣೂರಿನಲ್ಲಿ ಬಜಗೋಳಿಯ ನಿಶಾಂತ್ ಶೆಟ್ಟಿ 143 ಮೀಟರನ್ನು 13.61ರಲ್ಲಿ ಮುಗಿಸಿದರು. ಅದನ್ನು 100 ಮೀಟರಿಗೆ ಭಾಗಿಸಿದರೆ 9.51, ಬೋಲ್ಟನ ವಿಶ್ವದಾಖಲೆ 9.58. ಮುಂದೆ ಕೋಣಗಳು ಎಳೆಯುತ್ತವೆ, ಹಾಗಾಗಿ ಹೋಲಿಕೆ ಸಲ್ಲದು ಎಂದು ನಾನು ವಿಜ್ಞಾನ ತೆಗೆದೆ. “ಕಾಲಡಿಗೆ ಮೊಣಕಾಲುದ್ದ ಕೆಸರು ಉಂಟಲ್ಲ, ಅದು ಹಿಂದಕ್ಕೆ ಎಳೆಯುದಿಲ್ವಾ?” ಎಂದರು. ವಿಜ್ಞಾನ ಅಲ್ಲಿಗೆ ಮುಗಿಯಿತು.

ಇಷ್ಟೆಲ್ಲ ಅಜ್ಞಾನದ ನಡುವೆ ನಮ್ಮವರೇ ಯಾರಾದರೂ ಪರದೆಯ ಮೇಲೆ ಬಂದರೆ ಆಗುವ ಸಂಭ್ರಮವೇ ಬೇರೆ. 2018ರ ಏಪ್ರಿಲ್ 5ರಂದು ಗೋಲ್ಡ್ ಕೋಸ್ಟ್ ಕಾಮನ್ವೆಲ್ತ್ ಕೂಟದಲ್ಲಿ ಭಾರತದ ಖಾತೆ ತೆರೆದದ್ದು ವಂಡ್ಸೆಯ ಗುರುರಾಜ ಪೂಜಾರಿ, 56 ಕಿಲೋ ವಿಭಾಗದಲ್ಲಿ ಒಟ್ಟು 249 ಕಿಲೋ ಎತ್ತಿ ಬೆಳ್ಳಿ. 2022ರಲ್ಲಿ ಬರ್ಮಿಂಗ್‌ಹ್ಯಾಮ್‌ನಲ್ಲಿ 61 ಕಿಲೋ ವಿಭಾಗಕ್ಕೇರಿ 269 ಕಿಲೋ ಎತ್ತಿ ಕಂಚು. ಸ್ನ್ಯಾಚ್ ಯಾವುದು, ಜರ್ಕ್ ಯಾವುದು ಎಂದು ಉಡುಪಿಯ ಕ್ಷೌರದಂಗಡಿಯಲ್ಲಿ ಯಾರಿಗೂ ಗೊತ್ತಿರಲಿಲ್ಲ. ಆದರೆ ಕೊಲ್ಲೂರಿಗೆ ಹೋಗುವಾಗ ವಂಡ್ಸೆಯಲ್ಲಿ ಚಾ ಕುಡಿದದ್ದು ಎಲ್ಲರಿಗೂ ನೆನಪಾಯಿತು, ಅಷ್ಟೇ ಸಾಕು ನಂಟಸ್ತಿಕೆಗೆ. 2010ರಲ್ಲಿ ಗುವಾಂಗ್‌ಝೌ ಏಷ್ಯನ್ ಗೇಮ್ಸ್‌ನಲ್ಲಿ ಕುಂದಾಪುರ ಸಿದ್ದಾಪುರದ ಅಶ್ವಿನಿ ಅಕ್ಕುಂಜಿ 400 ಮೀಟರ್ ಹರ್ಡಲ್ಸಿನಲ್ಲೂ ರಿಲೇಯಲ್ಲೂ ಚಿನ್ನ ಗೆದ್ದಾಗ, ಅದೇ ಕೂಟದಲ್ಲಿ ಮೊದಲ ಬಾರಿಗೆ ಸೇರಿಸಿದ ಮಹಿಳಾ ಕಬಡ್ಡಿಯಲ್ಲಿ ಕಾರ್ಕಳ ಹೆರ್ಮುಂಡೆಯ ಮಮತಾ ಪೂಜಾರಿ ಇದ್ದ ತಂಡ ಚಿನ್ನ ತಂದಾಗಲೂ ಹೀಗೆಯೇ ಆಗಿತ್ತು. ಕಬಡ್ಡಿಯ ವಿಷಯದಲ್ಲಿ ಮಾತ್ರ ನಮ್ಮ ಅಜ್ಞಾನ ನಟನೆ. ಗದ್ದೆಯಲ್ಲಿ ಮೊಣಕೈ ಕಿತ್ತುಕೊಳ್ಳದವರು ಯಾರಿದ್ದಾರೆ ಇಲ್ಲಿ?

ಪ್ಯಾರಿಸ್ಸಿನ ಜಾವೆಲಿನ್ ಫೈನಲ್ ಆಗಸ್ಟ್ 8ರ ನಡುರಾತ್ರಿಗೆ ಬಂತು, ಜೊತೆಗೆ ಗಾಳಿಮಳೆಯೂ. ಮೊದಲು ಡಿಶ್ ಕೈಕೊಟ್ಟಿತು, ಆಮೇಲೆ ಕರೆಂಟು. ಮೊಬೈಲಿನ ಸುತ್ತ ಮನೆಮಂದಿಯೆಲ್ಲ ತಲೆ ತಾಗಿಸಿ ಕೂತೆವು. ಪಾಕಿಸ್ತಾನದ ಅರ್ಷದ್ ನದೀಮ್ 92.97 ಮೀಟರ್ ಎಸೆದಾಗ ಅಮ್ಮನೊಬ್ಬಳೇ “ಎಷ್ಟು ಚಂದ ಹೋಯ್ತು” ಅಂದಳು, ಉಳಿದವರು ಉಸಿರೆತ್ತಲಿಲ್ಲ. ನೀರಜ್ 89.45ಕ್ಕೆ ಬೆಳ್ಳಿ. ಮರುದಿನ ನೀರಜ್‌ನ ತಾಯಿಯೂ, ಚಿನ್ನ ಗೆದ್ದವನೂ ತನ್ನ ಮಗನೇ ಎಂದದ್ದು ಟಿವಿಯಲ್ಲಿ ಬಂತು. ಅಮ್ಮ ನಮ್ಮನ್ನೆಲ್ಲ ಒಂದು ಸುತ್ತು ನೋಡಿ ಒಳಗೆ ಹೋದಳು.

ಹೀಗೆ ನೋಡುವುದು ತಪ್ಪೆಂದು ನನಗೆ ಅನಿಸುವುದಿಲ್ಲ. ಎಲ್ಲ ಬಲ್ಲವನಿಗೆ ಸೋಲುಗೆಲುವಿನ ಲೆಕ್ಕವಷ್ಟೇ ಸಿಗುತ್ತದೆ. ಏನೂ ತಿಳಿಯದವನಿಗೆ ನೀರು, ಕುದುರೆ, ಕಿಸೆಯೊಳಗಿನ ಕೈ ಎಲ್ಲವೂ ಸಿಗುತ್ತದೆ. ಒಂದೇ ಕೊರತೆ ಎಂದರೆ ಈ ಉತ್ಸಾಹ ಟಿವಿ ಆರಿಸಿದ ಕೂಡಲೇ ಆರಿಹೋಗುವುದು. ಉಡುಪಿಯ ಅಜ್ಜರಕಾಡು ಕ್ರೀಡಾಂಗಣದಲ್ಲಿ ಶಾಲಾ ಮಕ್ಕಳ ಕೂಟ ನಡೆಯುವಾಗ ಗ್ಯಾಲರಿಯಲ್ಲಿ ಪಿಟಿ ಮಾಸ್ತರರು, ನಾಲ್ಕು ಅಪ್ಪ ಅಮ್ಮಂದಿರು ಮತ್ತು ಐಸ್‌ಕ್ಯಾಂಡಿಯವನು ಬಿಟ್ಟರೆ ಯಾರೂ ಇರುವುದಿಲ್ಲ. ಅಲ್ಲಿ ಟಿಕೆಟ್ಟಿಲ್ಲ, ಜಾಹೀರಾತಿಲ್ಲ, ಕರೆಂಟು ಹೋದರೂ ಓಟ ನಿಲ್ಲುವುದಿಲ್ಲ. ಒಂದು ಬೆಳಿಗ್ಗೆ ಹೋಗಿ ಕೂತು, ಗೊತ್ತಿಲ್ಲದ ಹುಡುಗಿಯೊಬ್ಬಳಿಗೆ ಗಂಟಲು ಹರಿಯುವಂತೆ ಕೂಗಿ ಬನ್ನಿ. ನಿಯಮ ತಿಳಿದಿರಬೇಕೆಂದೇನೂ ಇಲ್ಲ.