ಥ್ಯಾಕರೆ ಸಾಹೇಬನಿಗೆ ಕನ್ನಡ ಕಲಿಸಿದ್ದು

ಇಂಗ್ಲಿಷರು ಹೇಗೆ ಮಾತಾಡುತ್ತಾರೆಂಬುದು ನನಗೆ ಏಳನೆಯ ಇಯತ್ತೆಯಿಂದಲೇ ಗೊತ್ತು. ಆ ವರ್ಷ ಶಾಲೆಯ ಗ್ಯಾದರಿಂಗಿನಲ್ಲಿ ಕಿತ್ತೂರು ಚೆನ್ನಮ್ಮನ ನಾಟಕ. ಥ್ಯಾಕರೆ ಸಾಹೇಬನ ಪಾತ್ರ ನನಗೆ ಬಂತು. ಬಣ್ಣದಲ್ಲಿ ನಾನು ರೊಟ್ಟಿ ಹಂಚಿನ ತಳ. ಎತ್ತರದಲ್ಲಿ ಚೆನ್ನಮ್ಮನ ಪಾತ್ರದ ಹುಡುಗಿಯ ಭುಜಕ್ಕೆ ಬರುತ್ತಿದ್ದೆ. ಆದರೂ ನನ್ನನ್ನೇ ಆರಿಸಿದ್ದಕ್ಕೆ ಕಾರಣವಿತ್ತು. ಇಡೀ ವರ್ಗದಲ್ಲಿ ಬೂಟು ಇದ್ದದ್ದು ನನಗೊಬ್ಬನಿಗೇ.

ಒಂದು ಡಬ್ಬಿ ಪೌಡರು ಖಾಲಿಯಾಯಿತು. ಗೋವಿನಜೋಳದ ತೆನೆಯ ಕೂದಲು ತಂದು ಮೂಗಿನ ಕೆಳಗೆ ಅಂಟಿಸಿದರು. ಮಾಸ್ತರರು ಹೇಳಿಕೊಟ್ಟ ಇಂಗ್ಲಿಷರ ವ್ಯಾಕರಣ ನಾಲ್ಕೇ ಸೂತ್ರದ್ದು: ತಕಾರವೆಲ್ಲ ಟಕಾರ, ಗಂಡಾಗಲಿ ಹೆಣ್ಣಾಗಲಿ ಎಲ್ಲರೂ ನಪುಂಸಕಲಿಂಗ, ಮಾತಿಗೆ ಮೊದಲು ‘ವೆಲ್’, ಮಾತು ಮುಗಿದ ಮೇಲೆ ಬೆತ್ತದಿಂದ ಬೂಟಿಗೆ ಒಂದೇಟು. “ವೆಲ್, ಚೆನ್ನಮ್ಮಾ! ಟುಂಬ ಟಪ್ಪು ಮಾಡಿಟು! ಕಂಪನಿಗೆ ಕಪ್ಪಾ ಕೊಡುಟ್ಟದೋ ಇಲ್ಲವೋ?” ಟಪ್! ಅಮಟೂರು ಬಾಳಪ್ಪನ ಗುಂಡಿಗೆ ನಾನು ಬೀಳಬೇಕಾದಾಗ ನನ್ನ ಮೀಸೆ ನನಗಿಂತ ಮೊದಲೇ ಬಿದ್ದು ಸತ್ತಿತ್ತು. ಅಷ್ಟು ಬಿಟ್ಟರೆ ನಾಟಕ ಭರ್ಜರಿ.

1824ರ ಅಕ್ಟೋಬರ್ 23ರಂದು ಕಿತ್ತೂರಿನ ಕೋಟೆಯೆದುರು ಸತ್ತ ನಿಜವಾದ ಥ್ಯಾಕರೆ ಹೀಗೆ ಮಾತಾಡಿರಲಿಕ್ಕಿಲ್ಲ, ಜಗಳ ಹೊತ್ತಿಕೊಂಡದ್ದೂ ಕಪ್ಪಕ್ಕಲ್ಲ, ದತ್ತಕ ಮಗನನ್ನು ಕಂಪನಿ ಒಪ್ಪದ್ದಕ್ಕೆ ಎಂಬುದೆಲ್ಲ ನನಗೆ ತಿಳಿದದ್ದು ಬಹಳ ತಡವಾಗಿ. ಧಾರವಾಡದಲ್ಲಿ ಅವನ ಸ್ಮಾರಕದ ಹತ್ತಿರ ಸೈಕಲ್ಲಿನಲ್ಲಿ ಹಾಯುವಾಗಲೆಲ್ಲ ಮಾಜಿ ಸಹೋದ್ಯೋಗಿಯನ್ನು ಕಂಡವನಂತೆ ತಲೆಬಾಗಿಸುತ್ತಿದ್ದೆ.

ಮಗಳು ಶೆಫೀಲ್ಡಿನಲ್ಲಿ ಮನೆ ಮಾಡಿ ನಮ್ಮನ್ನು ಆರು ತಿಂಗಳಿಗೆ ಕರೆದಾಗ, ಈ ನಾಲ್ಕು ಸೂತ್ರ ಸಾಲವು ಎನ್ನಿಸಿ ಉನ್ನತ ಶಿಕ್ಷಣಕ್ಕೆ ಸಿನಿಮಾ ಹಿಡಿದೆ. ಎಲ್ಲ ಅಮೆರಿಕದವು. ಅವುಗಳ ಪ್ರಕಾರ ಇಂಗ್ಲಿಷರಲ್ಲಿ ಎರಡೇ ಜಾತಿ. ಒಂದು, ಬಾಯಲ್ಲಿ ಬಿಸಿ ಆಲೂಗಡ್ಡೆ ಇಟ್ಟುಕೊಂಡು ಮಾತಾಡುವ ಲಾರ್ಡು, ಬಟ್ಲರು ಅಥವಾ ಖಳನಾಯಕ. ಅಮೆರಿಕನ್ ಕಾರ್ಟೂನಿನಲ್ಲಿ ಸಿಂಹವಾದರೂ ಸರಿ, ಅಣ್ಣನನ್ನು ಕೊಲ್ಲುವ ಸಿಂಹಕ್ಕೆ ಇಂಗ್ಲಿಷನದೇ ದನಿ ಬೇಕು. ಇನ್ನೊಂದು, ಮುಖಕ್ಕೆ ಮಸಿ ಮೆತ್ತಿಕೊಂಡು ಕುಣಿಯುವ ಲಂಡನ್ನಿನ ಬಡವ. ನನ್ನ ದರ್ಜೆಗೆ ಎರಡನೆಯದೇ ಸರಿ ಎಂದು 1964ರ ‘ಮೇರಿ ಪಾಪಿನ್ಸ್’ ಹಾಕಿಕೊಂಡು, ಚಿಮಣಿ ಗುಡಿಸುವ ಡಿಕ್ ವ್ಯಾನ್ ಡೈಕನ ಕಾಕ್ನಿಯನ್ನು ಹದಿನೈದು ದಿನ ಬಾಯಿಪಾಠ ಮಾಡಿದೆ. ಹಕಾರ ನುಂಗಬೇಕು, ‘ಏ’ ಇದ್ದಲ್ಲಿ ‘ಐ’ ಅನ್ನಬೇಕು, ಎದುರಿಗಿದ್ದವರನ್ನು ‘ಗವ್ನರ್’ ಎಂದು ಕರೆಯಬೇಕು. ಬೆಳಿಗ್ಗೆ ಕನ್ನಡಿಯ ಮುಂದೆ ಅಭ್ಯಾಸ. ಹೆಂಡತಿ ಬಾಗಿಲಾಚೆಯಿಂದ, “ಹಲ್ಲು ನೋಯಾಕತ್ತಾವೇನ್ರಿ?” ಎಂದು ವಿಚಾರಿಸುತ್ತಿದ್ದಳು.

ಆ ಕಾಕ್ನಿ ಸಿನಿಮಾ ಚರಿತ್ರೆಯ ಅತಿ ಕೆಟ್ಟ ಉಚ್ಚಾರಣೆಗಳಲ್ಲಿ ಒಂದೆಂದು ಹೆಸರಾದದ್ದು; 2017ರಲ್ಲಿ ಬ್ರಿಟನ್ನಿನ ಚಿತ್ರ ಅಕಾಡೆಮಿ ಗೌರವಿಸಿದಾಗ ತೊಂಬತ್ತು ದಾಟಿದ್ದ ವ್ಯಾನ್ ಡೈಕ್ ಅದಕ್ಕಾಗಿ ಕ್ಷಮೆ ಕೇಳಿದ್ದ; ತನಗೆ ಕಲಿಸಿದವನೂ ತನಗಿಂತ ವಾಸಿಯಿರಲಿಲ್ಲ ಎಂದು ಗೋಳಾಡಿಕೊಂಡಿದ್ದ. ಇದೆಲ್ಲ ಮಗಳಿಗೆ ಗೊತ್ತಿತ್ತು. ನನಗೆ ಹೇಳಿದ್ದು ನಾನು ಬಂದಿಳಿದ ಮೇಲೆ, ಬಸ್ಸಿನಲ್ಲಿ.

ಬಸ್ಸಿನ ಸಂಗತಿ ಇಷ್ಟೇ. ಡ್ರೈವರನಿಗೆ ನಾನು ಗತ್ತಿನಿಂದ “ಟೂ ಟಿಕೆಟ್ಸ್, ಗವ್ನರ್!” ಎಂದೆ. ಕಿತ್ತೂರಿನ ಪೈಲವಾನನಂಥ ಆಳು, ಎದೆಯುದ್ದ ಗಡ್ಡ, ತೋಳಿನ ತುಂಬ ಹಚ್ಚೆ. ಅವನು ನನ್ನನ್ನೊಮ್ಮೆ ನೋಡಿ, ಮೃದುವಾಗಿ, “ದೇರ್ ಯು ಆರ್, ಲುವ್” ಎಂದ.

ಅರವತ್ತಾರು ವರ್ಷದಲ್ಲಿ ನನ್ನನ್ನು ಹಾಗೆ ಕರೆದವರಲ್ಲಿ ಅವನೇ ಮೊದಲಿಗ. ನಾನು ಹೆಂಡತಿಯ ಮುಖ ನೋಡಿದೆ, ಅವಳು ಕಿಟಕಿಯಾಚೆ ನೋಡಿದಳು. ಈ ಕಡೆ ಗಂಡಸರು ಗಂಡಸರನ್ನೂ ‘ಲವ್’ ಎನ್ನುತ್ತಾರೆ, ನಮ್ಮಲ್ಲಿ ‘ಅಣ್ಣಾ’ ಅಂದಂತೆ. ಉತ್ತರ ಇಂಗ್ಲೆಂಡಿನವರ ಬಾಯಲ್ಲಿ ಅದು ‘ಲುವ್’ ಆಗುತ್ತದೆ, ಬಸ್ ‘ಬುಸ್’ ಆದಂತೆ ಎಂದು ಮಗಳು ಸಮಾಧಾನ ಹೇಳಿದಳು. ನನ್ನ ಹದಿನೈದು ದಿನದ ಸಾಧನೆಯಲ್ಲಿ ಇದರ ಸುಳಿವೇ ಇರಲಿಲ್ಲ. ಸಿನಿಮಾದಲ್ಲಿ ಯಾವ ಇಂಗ್ಲಿಷನೂ ಹೀಗೆ ಮಾತಾಡಿರಲಿಲ್ಲ.

ಮರುದಿನ ಬೆಳಿಗ್ಗೆ ಇನ್ನೊಂದು. ವಾಕಿಂಗ್ ಹೊರಟಿದ್ದೆ. ಹಿಂದಿನಿಂದ ಯಾರೋ ಸ್ಪಷ್ಟ ಕನ್ನಡದಲ್ಲಿ, “ಏ ಅಪ್ಪ!” ಎಂದು ಕೂಗಿದರು. ಪರದೇಶದ ಚಳಿಯಲ್ಲಿ ಧಾರವಾಡದ ಕರೆ! ಕಣ್ಣು ಮಂಜಾಗಿ, ಕೈ ಚಾಚಿಕೊಂಡು, “ಯಾವೂರು ಮಾರಾಯಾ ನಿಂದು?” ಎನ್ನುತ್ತ ತಿರುಗಿದೆ. ನಾಯಿ ಹಿಡಿದ ಬೋಳುತಲೆಯ ಬಿಳಿಯ ಮುದುಕ ನಿಂತಿದ್ದ. ಯಾರ್ಕ್‌ಷೈರಿನಲ್ಲಿ ‘ಏಯ್ ಅಪ್’ ಎಂದರೆ ನಮಸ್ಕಾರ. ನಾನು ಚಾಚಿದ ಕೈಯನ್ನು ಅವನು ಕುಲುಕಿದ, ನಾಯಿ ಮೂಸಿತು. ಹೀಗೆ ನಮಗೆ ಸ್ನೇಹವಾಯಿತು. ಪಕ್ಕದ ಮನೆಯವನೇ, ಉಕ್ಕಿನ ಕಾರ್ಖಾನೆಯಲ್ಲಿ ದುಡಿದು ನಿವೃತ್ತನಾದವನು. ನನ್ನ ಹೆಂಡತಿ ನಮ್ಮ ಕಡೆಯ ರೂಢಿಯಂತೆ ಅವನಿಗೆ ‘ಉಕ್ಕಿನಮನಿ’ ಎಂದು ಅಡ್ಡಹೆಸರು ಕೊಟ್ಟಳು. ಅವಳ ಜೋಳದ ರೊಟ್ಟಿಯ ಮೇಲೆ ತಮ್ಮೂರಿನ ಹೆಂಡರ್ಸನ್ಸ್ ರೆಲಿಷ್ ಸುರಿದುಕೊಂಡು ತಿನ್ನುತ್ತಿದ್ದ. ಅವಳು ನೋಡಿಯೂ ನೋಡದಂತೆ ಇರುತ್ತಿದ್ದಳು.

ಉಕ್ಕಿನಮನಿಗೆ ಅಮೆರಿಕದ ಸಿನಿಮಾದವರ ಮೇಲೆ ಹಗೆ. ಅದಕ್ಕೆ ಮೂಲ ರಾಬಿನ್ ಹುಡ್. ರಾಬಿನ್‌ನ ಊರೆನ್ನುವ ಲಾಕ್ಸ್‌ಲಿ ಇವತ್ತು ಶೆಫೀಲ್ಡಿನದೇ ಒಂದು ಭಾಗ. ಅಂದಮೇಲೆ ನಮ್ಮ ಹುಡುಗ. 1991ರ ಚಿತ್ರದಲ್ಲಿ ಕೆವಿನ್ ಕಾಸ್ಟ್ನರ್ ಆ ನಮ್ಮ ಹುಡುಗನಾಗಿ ಕ್ಯಾಲಿಫೋರ್ನಿಯಾದ ಮಾತಾಡಿದ. ಅದನ್ನಾದರೂ ಸಹಿಸಬಹುದು. ಅವನು ದಕ್ಷಿಣದ ಬಿಳಿ ಬಂಡೆಗಳ ದಂಡೆಯಲ್ಲಿ ಇಳಿದು, ಕತ್ತಲಾಗುವುದರೊಳಗೆ ಮನೆ ಎಂದು ನಡೆಯತೊಡಗಿ, ನಡುನಾಡಿನ ನಾಟಿಂಗ್‌ಹ್ಯಾಮಿಗೆ ಹೋಗಬೇಕಾದವನು ಉತ್ತರದ ತುದಿಯ ಹೇಡ್ರಿಯನ್ ಗೋಡೆಯ ಹತ್ತಿರ ಕಾಣಿಸಿಕೊಳ್ಳುತ್ತಾನೆ. ಮೈಸೂರಿನಿಂದ ದಾವಣಗೆರೆಗೆ ಹೊರಟವನು ಬೀದರಿನಲ್ಲಿ ಹಾಯ್ದು ಹೋದಂತೆ, ಅದೂ ಕಾಲ್ನಡಿಗೆಯಲ್ಲಿ. ಇದನ್ನು ಹೇಳುವಾಗ ಉಕ್ಕಿನಮನಿಯ ಬೋಳುತಲೆ ಕುಲುಮೆಯಲ್ಲಿಟ್ಟ ಹಾಗೆ ಕೆಂಪಾಗುತ್ತಿತ್ತು. ‘ಫ್ರೇಝರ್’ ಧಾರಾವಾಹಿಯ ಡಾಫ್ನಿ ಇನ್ನೊಂದು ಹುಣ್ಣು. ಕಥೆಯಲ್ಲಿ ಆಕೆ ಮ್ಯಾಂಚೆಸ್ಟರಿನವಳು, ನಟಿ ಎಸೆಕ್ಸಿನವಳು. ಹೋಗಲಿ ಎಂದರೆ, ಆಕೆಯ ಒಡಹುಟ್ಟಿದ ಅಣ್ಣತಮ್ಮಂದಿರಲ್ಲಿ ಒಬ್ಬ ಆಸ್ಟ್ರೇಲಿಯಾದ ನಟ, ಇನ್ನೊಬ್ಬ ಸ್ಕಾಟ್ಲೆಂಡಿನವ. ಬಾಯಿ ತೆರೆದರೆ ಒಂದೇ ತಾಯಿಯ ಮಕ್ಕಳೆಂದು ಯಾರೂ ಹೇಳುವಂತಿಲ್ಲ.

ಮಳೆಯ ವಿಷಯದಲ್ಲಿ ಮಾತ್ರ ಅವನ ಬಾಯಿ ನಾನೇ ಮುಚ್ಚಿಸಿದೆ. ಲಂಡನ್ ಎಂದರೆ ಸದಾ ಮಳೆ ಎಂದು ಎಲ್ಲರೂ ತೋರಿಸುತ್ತಾರೆಂದು ಗೊಣಗಿದ. ಲಂಡನ್ನಿಗೆ ವರ್ಷಕ್ಕೆ ಬೀಳುವುದು ಸುಮಾರು 600 ಮಿಲಿಮೀಟರು. ಬೆಂಗಳೂರಿಗೇ ಅದಕ್ಕಿಂತ ಹೆಚ್ಚು. ಆಗುಂಬೆಯಲ್ಲಂತೂ ಜುಲೈ ತಿಂಗಳ ಒಂದು ಮನಸ್ಸಿಟ್ಟ ವಾರ ಸಾಕು ಎಂದೆ. ಅವನು ಬೇಸರಪಟ್ಟುಕೊಂಡ. ತಮ್ಮ ಮಳೆಯನ್ನು ತಾವು ಬಯ್ಯಬಹುದು, ಪರರು ಅಳೆಯಬಾರದು.

ನಾವೇನು ಕಡಿಮೆಯೇ ಎಂದು ನಾನೂ ತಪ್ಪೊಪ್ಪಿಕೊಂಡೆ. ನಮ್ಮ ಹಿಂದಿ ಸಿನಿಮಾದ ಪ್ರಸಿದ್ಧ ‘ಇಂಗ್ಲಿಷ್’ ಸಾಹೇಬ ಟಾಮ್ ಆಲ್ಟರ್ ಮಸೂರಿಯಲ್ಲಿ ಹುಟ್ಟಿದ ಅಮೆರಿಕನ್ ಮಿಷನರಿಗಳ ಮಗ, ಉರ್ದು ಅರೆದು ಕುಡಿದವನು. ಏಟು ತಿನ್ನುವ ಇನ್ನೊಬ್ಬ ‘ಸಾಹೇಬ’ ಬಾಬ್ ಕ್ರಿಸ್ಟೋ ಸಿಡ್ನಿಯವನು, ಕೊನೆಗೆ ಬೆಂಗಳೂರಿನಲ್ಲೇ ನೆಲೆಸಿದವನು. ಇನ್ನು ನಮ್ಮ ಚರಿತ್ರೆಯ ‘ಇಂಗ್ಲಿಷರು’? ಮನ್ರೋ ಗ್ಲಾಸ್ಗೋದವ. ವೆಲ್ಲೆಸ್ಲಿ ಡಬ್ಲಿನ್‌ನವ. ಕಬ್ಬನ್ ಪಾರ್ಕಿನ ಕಬ್ಬನ್ ಐಲ್ ಆಫ್ ಮ್ಯಾನ್ ನಡುಗಡ್ಡೆಯವ. ಕಿತ್ತೂರಿನಲ್ಲಿ ಸೆರೆಸಿಕ್ಕು, ಮುಂದೆ ಕನ್ನಡ ಶಾಸನಗಳನ್ನು ಕೂಡಿಸಿದ ವಾಲ್ಟರ್ ಎಲಿಯಟ್ ಎಡಿನ್‌ಬರೋದಲ್ಲಿ ಹುಟ್ಟಿದವ. ನಮ್ಮ ನಾಟಕದಲ್ಲಿ ಇವರೆಲ್ಲರಿಗೂ ಒಂದೇ ‘ಟಪ್ಪು ಮಾಡಿಟು’. ಉಕ್ಕಿನಮನಿ ಬಹಳ ನಕ್ಕ.

ನಗು ಮುಗಿದ ಮೇಲೆ ನನಗೇ ಏನೋ ಚುಚ್ಚಿತು. ಬೆಂಗಳೂರಿನ ಸಿನಿಮಾದವರು ನಮ್ಮ ಕಡೆಯವರನ್ನು ಮಾಡುವುದೂ ಹೀಗೇ ತಾನೆ? ಬೀದರಿನಿಂದ ಹಾವೇರಿತನಕ ಒಂದೇ ಭಾಷೆ, ಮಾತಿಗೊಂದು ‘ಲೇ ಮಗನ’, ತಲೆಗೊಂದು ರುಮಾಲು, ಕೈಯಲ್ಲೊಂದು ಮೆಣಸಿನಕಾಯಿ. ನಾಯಕನಿಗೆ ಆ ಭಾಷೆ ಸಿಗುವುದು ಅಪರೂಪ, ನಾಯಕನ ಪಕ್ಕ ನಿಂತು ಒದೆ ತಿನ್ನುವವನಿಗೆ ಖಾಯಂ. ನನ್ನ ಮಗಳು ಬೆಂಗಳೂರಿನ ಹಾಸ್ಟೆಲ್ಲಿಗೆ ಹೋದ ಮೊದಲ ತಿಂಗಳು ಫೋನಿನಲ್ಲಿ, “ಅಪ್ಪಾ, ಊಟ ಆತೇನ?” ಅನ್ನುತ್ತಿದ್ದಳು. ದೀಪಾವಳಿಗೆ ಬಂದಾಗ “ಊಟ ಆಯ್ತಾ?” ಆಗಿತ್ತು. ಯಾರೋ ನಕ್ಕಿದ್ದರಂತೆ. ಯಾರು, ಏನಂದರು ಎಂದು ಕೇಳಿದರೆ ಹೇಳಲಿಲ್ಲ, ಇವತ್ತಿಗೂ ಹೇಳಿಲ್ಲ. ಶೆಫೀಲ್ಡಿನ ಆಫೀಸಿನಲ್ಲಿ ಅವಳ ಇಂಗ್ಲಿಷ್ ಈಗ ನಾಲ್ಕನೆಯ ರೂಪದಲ್ಲಿದೆ. ಅವಳ ಮಗ ನನ್ನನ್ನು ‘ಏಯ್ ಅಪ್, ಅಜ್ಜಾ’ ಎಂದು ಎಬ್ಬಿಸುತ್ತಾನೆ.

ನವೆಂಬರಿನಲ್ಲಿ ಸುತ್ತಲಿನ ನಾಲ್ಕಾರು ಕನ್ನಡ ಮನೆಗಳವರು ರಾಜ್ಯೋತ್ಸವಕ್ಕೆ ಚೆನ್ನಮ್ಮನ ನಾಟಕ ಆಡೋಣವೆಂದರು. ಥ್ಯಾಕರೆ ಯಾರು ಎಂಬ ಪ್ರಶ್ನೆ ಬಂದಾಗ ಎಲ್ಲರೂ ನನ್ನನ್ನು ನೋಡಿದರು. ಅಸಲಿ ಮಾಲು ಪಕ್ಕದ ಮನೆಯಲ್ಲೇ ಇರುವಾಗ ನಕಲಿ ಯಾಕೆ ಎಂದು ನಾನು ಗೋಡೆಯ ಕಡೆ ಬೊಟ್ಟು ಮಾಡಿದೆ. ಕ್ರಿಸ್‌ಮಸ್ ಸಮಯದ ಪ್ಯಾಂಟೊಮೈಮುಗಳಲ್ಲಿ ಇಪ್ಪತ್ತು ವರ್ಷ ಕುಣಿದಿದ್ದ ಉಕ್ಕಿನಮನಿ ಕೂಡಲೇ ಒಪ್ಪಿದ. ತಾಲೀಮು ನನ್ನ ಪಾಲಿಗೆ ಬಂತು.

ಮೊದಲ ತೊಡಕು: ಅವನು ಕನ್ನಡವನ್ನು ಸರಿಯಾಗಿ ಕಲಿತುಬಿಟ್ಟಿದ್ದ. ನನಗೆ ತಿಳಿಯದಂತೆ ನನ್ನ ಹೆಂಡತಿ ರೊಟ್ಟಿ ಬಡಿಯುತ್ತ ಅವನಿಂದ ‘ತ’ ಹೇಳಿಸಿದ್ದಳು. “ತುಂಬ ತಪ್ಪು ಮಾಡಿದ್ದೀರಿ” ಎಂದು ಅವನು ಪೋಸ್ಟ್ ಮಾಸ್ತರನ ವಿನಯದಲ್ಲಿ ಹೇಳಿದ.

“ತ ಅಲ್ಲ, ಟ” ಎಂದೆ.

“ಆದರೆ ನಿಮ್ಮ ಹೆಂಡತಿ—”

“ಅವಳು ಕನ್ನಡ ಕಲಿಸಿದ್ದಾಳೆ. ನಾನು ಇಂಗ್ಲಿಷರ ಕನ್ನಡ ಕಲಿಸುತ್ತಿದ್ದೇನೆ. ನೀವು ಇಂಗ್ಲಿಷರ ಹಾಗೆ ಮಾತಾಡಬೇಕು.”

ಅವನು ಬಹಳ ಹೊತ್ತು ಯೋಚಿಸಿ, “ಅವರು ಹೇಗೆ ಮಾತಾಡುತ್ತಾರೆ?” ಎಂದು ಕೇಳಿದ.

ನಾನು ಎದ್ದು, ಕೊಡೆಯನ್ನು ಬೆತ್ತ ಮಾಡಿಕೊಂಡು, ಐವತ್ತು ಚಿಲ್ಲರೆ ವರ್ಷದ ಹಿಂದಿನ ಥ್ಯಾಕರೆಯನ್ನು ಎಬ್ಬಿಸಿದೆ. ವೆಲ್! ಟಪ್ಪು! ಮಾಡಿಟು! ಟಪ್! ಉಕ್ಕಿನಮನಿ ಕಾರ್ಡಿನ ಮೇಲೆ ಬರೆದುಕೊಂಡ. ಅಡುಗೆಮನೆಯಿಂದ, “ಅಂವಾ ಛಲೋ ಮಾತಾಡಾಕತ್ತಾನ, ನೀವ ಕೆಡಸಾಕತ್ತೀರಿ” ಎಂಬ ಟೀಕೆ ಬಂತು.

ಎರಡನೆಯ ತೊಡಕು ಇನ್ನೂ ದೊಡ್ಡದು. ‘ಕಪ್ಪ’. ಅದು ಕೇಳಿದ್ದೇ ಅವನ ಮುಖ ಅರಳಿತು. ಇಂಗ್ಲೆಂಡಿನಲ್ಲಿ ‘ಕಪ್ಪ’ ಎಂದರೆ ಒಂದು ಕಪ್ ಚಹಾ. ಬಸ್ಸನ್ನು ಬುಸ್ ಅನ್ನುವ ಬಾಯಲ್ಲಿ ಅದು ‘ಕುಪ್ಪ’. ಹಾಗಾಗಿ ಈಸ್ಟ್ ಇಂಡಿಯಾ ಕಂಪನಿಯ ಕಲೆಕ್ಟರು ಸೈನ್ಯಸಮೇತ ಕಿತ್ತೂರಿನ ಕೋಟೆಯ ಮುಂದೆ ಬಂದು ನಿಂತದ್ದು ಚಹಾಕ್ಕಾಗಿ ಎಂದು ಅವನು ಪ್ರಾಮಾಣಿಕವಾಗಿ ನಂಬಿದ. ರಾಣಿ ಕೊಡುವುದಿಲ್ಲ ಎನ್ನುತ್ತಾಳೆ, ಅದಕ್ಕೆ ಯುದ್ಧ. ಅವನಿಗೆ ಇದರಲ್ಲಿ ಅಸಹಜವಾದದ್ದೇನೂ ಕಾಣಲಿಲ್ಲ. ಕಪ್ಪವೆಂದರೆ ಕಾಣಿಕೆ, ಸಾಮಂತರು ಕೊಡುವ ಹಣ ಎಂದು ಅರ್ಧ ಗಂಟೆ ವಿವರಿಸಿದೆ. ತಿಳಿಯಿತು ಎಂದ. ಆದರೆ ತಿಳಿದದ್ದು ತಲೆಗೆ, ನಾಲಿಗೆಗಲ್ಲ. ‘ಕಪ್ಪ’ ಎನ್ನಿ. ‘ಕುಪ್ಪ.’ ಬಾಯಿ ಅಗಲ ಮಾಡಿ, ಕ... ‘ಕ...ುಪ್ಪ.’ ಗಲ್ಲ ಹಿಡಿದು ಕೆಳಗೆಳೆದೆ. ‘ಕೊಪ್ಪ.’ ಅದು ನಮ್ಮಲ್ಲಿ ಚಿಕ್ಕಮಗಳೂರು ಜಿಲ್ಲೆಯ ಒಂದು ತಾಲೂಕು, ಅದನ್ನು ಕಂಪನಿಗೆ ಕೊಡಲು ಚೆನ್ನಮ್ಮನಿಗೆ ಅಧಿಕಾರವಿಲ್ಲ ಎಂದೆ. ಮತ್ತೆ ಕುಪ್ಪಕ್ಕೇ ಹಿಂದಿರುಗಿದ. ಇದರ ಮೇಲೆ, ಹೆಣ್ಣುಮಗಳೊಬ್ಬಳಿಗೆ ಹಾಗೆ ಒರಟಾಗಿ ಹೇಳಲು ಮನಸ್ಸಾಗದೆ ಪ್ರತಿಸಲವೂ ಕೊನೆಗೊಂದು ಮಾತು ಸೇರಿಸುತ್ತಿದ್ದ: “ಕಂಪನಿಗೆ ಕುಪ್ಪ ಕೊಡು, ಲುವ್.”

ನಾಟಕದ ದಿನ ಅಂಗಡಿಯ ಜೋಳದ ತೆನೆಗೆ ಕೂದಲೇ ಇರದೆ ಹಳದಿ ಉಣ್ಣೆಯ ಮೀಸೆ ಅಂಟಿಸಿದೆವು. ಪೌಡರು ಹಚ್ಚುವ ಕೆಲಸವೊಂದು ಉಳಿಯಿತು. ಉಕ್ಕಿನಮನಿ ಬಂದ, ನಿಂತ, ಬೂಟಿಗೆ ಬಡಿದ, ಬಾಯಿ ತೆರೆದ. “ವೆಲ್, ಚೆನ್ನಮ್ಮಾ,” ಎಂದು ಶುರುಮಾಡಿ, ಹೆದರಿಕೆಗೆ ನಾನು ಕಲಿಸಿದ್ದನ್ನೆಲ್ಲ ಮರೆತು, ನನ್ನ ಹೆಂಡತಿ ಕಲಿಸಿದ ಶುದ್ಧ ತಕಾರದಲ್ಲಿ, “ತುಂಬ ತಪ್ಪು ಮಾಡಿದ್ದೀರಿ. ಕಂಪನಿಗೆ ಕುಪ್ಪ ಕೊಡ್ರಿ, ಲುವ್” ಎಂದ. ಕನ್ನಡ ಬಲ್ಲವರು ಒಮ್ಮೆ, ಇಂಗ್ಲಿಷ್ ಬಲ್ಲವರು ಒಮ್ಮೆ, ಎರಡೂ ಬಲ್ಲವರು ಎರಡು ಸಲ ನಕ್ಕರು. ಚೆನ್ನಮ್ಮ ಕತ್ತಿ ಹಿರಿಯಲಾರದೆ ಹೊಟ್ಟೆ ಹಿಡಿದುಕೊಂಡಳು. ಗದ್ದಲದಲ್ಲಿ ಬಾಳಪ್ಪನಾಗಿದ್ದ ನನ್ನ ಮೊಮ್ಮಗ ಎರಡು ದೃಶ್ಯ ಮುಂಚಿತವಾಗಿ ಗುಂಡು ಹಾರಿಸಿಬಿಟ್ಟ. ಥ್ಯಾಕರೆ ಪ್ಯಾಂಟೊಮೈಮಿನ ಅನುಭವವನ್ನೆಲ್ಲ ಸುರಿದು ನಾಲ್ಕು ನಿಮಿಷ ಸತ್ತ.

ಪರದೆ ಎಳೆದ ಮೇಲೆ ಬೆವರೊರೆಸಿಕೊಳ್ಳುತ್ತ ಬಂದು, ಹೇಗಿತ್ತು ಎಂದು ಕೇಳಿದ. ಸ್ನೇಹಿತನಿಗೆ ಸುಳ್ಳು ಹೇಳಬಾರದು. “ಇಂಗ್ಲಿಷರ ಹಾಗೆ ಬರಲಿಲ್ಲ” ಎಂದೆ. ಅವನು ಒಂದಿಷ್ಟೂ ನೊಂದುಕೊಳ್ಳದೆ ಮೀಸೆ ಕಿತ್ತು ಮೇಜಿನ ಮೇಲಿಟ್ಟು ಕುಳಿತ. ನಗು ಇನ್ನೂ ನಿಲ್ಲದ ಚೆನ್ನಮ್ಮ, ಸೊಂಟದ ಕತ್ತಿ ಸರಿಸಿಕೊಂಡು, ಫ್ಲಾಸ್ಕಿನಿಂದ ಅವನಿಗೊಂದು ಕುಪ್ಪ ಬಗ್ಗಿಸಿ ಕೊಟ್ಟಳು.